ಹಂಚಿದಷ್ಟೂ ಉಳಿಯುವ ಹಿತ್ತಿಲು

ಪಂಚಾಂಗದ ಲೆಕ್ಕದಲ್ಲಿ ಚೈತ್ರ, ವೈಶಾಖಗಳೆರಡೂ ವಸಂತ ಋತುವಿನ ತಿಂಗಳುಗಳು. ನಮ್ಮ ಕರಾವಳಿಯಲ್ಲಿ ಆ ದಿನಗಳ ಮಳೆ ಅತಿಥಿಯಿದ್ದಂತೆ. ಅಶ್ವಿನಿಯಲ್ಲಿ ಒಂದು ಸಂಜೆ, ಭರಣಿಯಲ್ಲಿ ಎರಡು ಸಂಜೆ ಗುಡುಗು ಮಿಂಚುಗಳೊಡನೆ ಬಂದು, ಕಾದ ಮಣ್ಣಿನ ವಾಸನೆಯನ್ನೆಬ್ಬಿಸಿ ಹೊರಟುಹೋಗುತ್ತದೆ. ಆದರೆ 2025ರಲ್ಲಿ ಬಂದ ಅತಿಥಿ ಮನೆಯವನಾಗಿ ನಿಂತುಬಿಟ್ಟ. ವಾಡಿಕೆಯಂತೆ ಜೂನ್ 1ರಂದು ಕೇರಳವನ್ನು ಪ್ರವೇಶಿಸಬೇಕಾದ ನೈರುತ್ಯ ಮುಂಗಾರು ಎಂಟು ದಿನ ಮುಂಚಿತವಾಗಿ, ಮೇ 24ರಂದೇ, ಅಲ್ಲಿಗೆ ಕಾಲಿರಿಸಿತು. 2009ರ ಬಳಿಕ ಅದು ಇಷ್ಟು ಬೇಗ ಬಂದದ್ದಿರಲಿಲ್ಲ. ವೈಶಾಖ ಮಾಸ ಇನ್ನೂ ಮುಗಿದಿರಲಿಲ್ಲ. ನಮ್ಮ ಅಂಗಳದಲ್ಲಿ ಆಗಲೇ ಆಷಾಢದ ಮಳೆ ಸುರಿಯತೊಡಗಿತ್ತು.

ಆ ವಸಂತದ ಮಳೆಯಲ್ಲಿ ನಮ್ಮ ಹಿತ್ತಿಲಿಗೆ ಒದಗಿದ ಗತಿಯನ್ನೂ, ಅದು ಮರಳಿ ಹಸುರಾದ ಬಗೆಯನ್ನೂ ವಾಚಕರ ಮುಂದಿಡಬೇಕೆಂದು ತೋರಿದೆ. ಯಾವ ಊರಿನಲ್ಲೂ, ಯಾರ ಮನೆಯಲ್ಲೂ ನಡೆಯಬಹುದಾದ ಸಣ್ಣ ಸಂಗತಿಯಿದು.

ಅಮ್ಮನ ಪದ್ಧತಿ

ಮಲ್ಲಿಗೆಗೆ ಹೆಸರಾದ ಶಂಕರಪುರದಿಂದ ಹೆಚ್ಚು ದೂರವಿಲ್ಲದ ಊರು ನಮ್ಮದು. ಕ್ರೈಸ್ತರು, ಹಿಂದೂಗಳು ಎಂಬ ಭೇದವಿಲ್ಲದೆ ಮನೆಮನೆಯಲ್ಲಿ ಮಲ್ಲಿಗೆಯನ್ನು ಬೆಳೆಸಿ, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂದು ಎಣಿಸಿ ಕಟ್ಟೆಗೆ ಒಯ್ಯುವ ಪ್ರದೇಶವಿದು. ಇಲ್ಲಿ ಹನ್ನೆರಡು ಸೆಂಟ್ಸ್ ಜಾಗದಲ್ಲಿ, ತಂದೆಯವರ ನಿಧನಾನಂತರ ಒಬ್ಬರೇ ವಾಸವಾಗಿರುವ ನನ್ನ ತಾಯಿಗೆ ಈಗ ಎಪ್ಪತ್ತೆಂಟು ವರ್ಷ. ಮಕ್ಕಳು ನಾವು ಮೂವರೂ ಪರಸ್ಥಳದಲ್ಲಿದ್ದೇವೆ. ಊರಿಗೆ ಬಂದು ನೆಲೆಸಲು ನಮಗಾಗಲಿಲ್ಲ. ಹಿತ್ತಿಲನ್ನು ಬಿಟ್ಟು ಬರಲು ಅವರಿಗಾಗಲಿಲ್ಲ.

ಆ ಹಿತ್ತಿಲಿನಲ್ಲಿ ಏನಿತ್ತೆಂದು ಹೇಳುವುದಕ್ಕಿಂತ ಏನಿರಲಿಲ್ಲವೆಂದು ಹೇಳುವುದು ಸುಲಭ. ಬಾವಿಕಟ್ಟೆಯ ಬದಿಯಲ್ಲಿ ಬಸಳೆಯ ಚಪ್ಪರ, ಅದರಾಚೆ ತೊಂಡೆಯ ಚಪ್ಪರ, ಬಚ್ಚಲಿನ ನೀರು ಹರಿಯುವಲ್ಲಿ ಪತ್ರೊಡೆಯ ಕೆಸು, ನೆರಳಿನಲ್ಲಿ ಅರಸಿನ ಮತ್ತು ಶುಂಠಿ, ಮಳೆಗಾಲಕ್ಕೆಂದು ಹರಿವೆ, ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ. ಮುಂಭಾಗದಲ್ಲಿ ದಾಸವಾಳ, ಅಬ್ಬಲಿಗೆ, ಎಂಟು ಬುಡ ಮಲ್ಲಿಗೆ. ವರ್ಷಕ್ಕೊಮ್ಮೆ ಮೊದಲ ಮಳೆಯ ಹೊತ್ತಿಗೆ ಎಲೆಗಿಂತ ಮೊದಲೇ ನೆಲದಿಂದೆದ್ದು ಕೆಂಪು ಚೆಂಡಿನಂತೆ ಅರಳುವ ಮೇ ಹೂವಿನ ಒಂದು ಸಾಲು.

ಈ ಹಿತ್ತಿಲಿಗೆ ಸಂಬಂಧಿಸಿದಂತೆ ಅಮ್ಮನಿಗೊಂದು ಪದ್ಧತಿಯಿತ್ತು. ಏನನ್ನು ಕೊಯ್ದರೂ ಒಂದು ಪಾಲು ಪಾಗಾರದಾಚೆಗೆ ಹೋಗಬೇಕು. ಯಾರು ಮನೆಗೆ ಬಂದರೂ ಹೊರಡುವಾಗ ಅವರ ಕೈಯಲ್ಲಿ ಒಂದು ತುಂಡು ಬಳ್ಳಿ, ಒಂದು ಗೆಲ್ಲು, ಕಾಗದದಲ್ಲಿ ಮಡಚಿದ ನಾಲ್ಕು ಬೀಜ ಇರಬೇಕು. ಬಾಲ್ಯದಲ್ಲಿ ನನಗಿದು ಹಿಡಿಸುತ್ತಿರಲಿಲ್ಲ. ಊರಿಗೆಲ್ಲ ಒಳ್ಳೆಯ ತಳಿಯನ್ನು ಕೊಟ್ಟರೆ ನಮ್ಮ ತರಕಾರಿಗೆ ಬೆಲೆ ಏನು ಉಳಿಯಿತು ಎಂದು ಕೇಳಿದ್ದೆ. ಅಮ್ಮ ಉತ್ತರ ಕೊಡದೆ, "ಈ ಬಸಳೆಯ ಕಟ್ಟನ್ನು ಕೆಳಗಿನ ಮನೆಗೆ ಕೊಟ್ಟು ಬಾ" ಎಂದು ನನ್ನನ್ನೇ ಓಡಿಸಿದ್ದರು.

ನನ್ನ ಕೈಯ ತಪ್ಪು

2023ರಲ್ಲಿ ಮನೆಯನ್ನು ದುರಸ್ತಿ ಮಾಡಿಸಿದವನು ನಾನು. ಅಮ್ಮನಿಗೆ ಅನುಕೂಲವಾಗಲೆಂಬ ಸದುದ್ದೇಶವೇ ಇತ್ತು. ಅಡುಗೆಮನೆಯ ಕಟ್ಟಿಗೆಯ ಒಲೆಯನ್ನು ತೆಗೆಸಿ, ಅದರ ಮೇಲಿದ್ದ ಅಟ್ಟವನ್ನೂ ಇಳಿಸಿ, ಗ್ಯಾಸಿನ ಒಲೆಗೆ ಕಪ್ಪು ಕಲ್ಲಿನ ಕಟ್ಟೆ ಹಾಕಿಸಿದೆ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ, ವಯಸ್ಸಾದವರು ಬೀಳಬಾರದು ಎಂದು ಮುಂಭಾಗದ ಎರಡು ಸೆಂಟ್ಸ್ ಜಾಗಕ್ಕೆ ಕಾಂಕ್ರೀಟು ಸುರಿದು ಮೇಲೆ ಇಂಟರ್‌ಲಾಕ್ ಹಾಸಿಸಿದೆ. ನೆಂಟರೆಲ್ಲರೂ ಹೊಗಳಿದರು. ಅಮ್ಮ ಮಾತ್ರ, "ನೀರು ಎಲ್ಲಿಗೆ ಹೋಗಬೇಕು?" ಎಂದು ಒಂದು ಸಲ ಕೇಳಿ ಸುಮ್ಮನಾದರು.

ಅಂಗಳಕ್ಕೆ ಬಿದ್ದ ನೀರು ಮೊದಲು ಅಂಗಳದಲ್ಲೇ ಇಂಗುತ್ತಿತ್ತು ಎಂಬುದು ನನಗೆ ಹೊಳೆದಿರಲಿಲ್ಲ. ಎರಡು ಸೆಂಟ್ಸ್ ಎಂದರೆ ಸುಮಾರು 870 ಚದರ ಅಡಿ. ಅದರ ಮೇಲೆ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಕೂಡುವ ನೀರು ಎಂಟು ಸಾವಿರ ಲೀಟರಿಗೂ ಹೆಚ್ಚು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ 100 ಮಿಲಿಮೀಟರ್ ಬೀಳುವ ದಿನ ಅಪರೂಪವೇನಲ್ಲ.

ಮೊದಲಿನ ವರ್ಷಗಳಲ್ಲಿ ಅಮ್ಮ ತಮ್ಮ ಕ್ರಮದಿಂದ ಈ ತೊಂದರೆಯನ್ನು ಹೇಗೋ ನಿಭಾಯಿಸಿದ್ದರು. ತುಳುನಾಡಿನ ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕೆಂಬುದು ಇಲ್ಲಿನವರ ನಂಬಿಕೆ. ಅದು ಕಳೆದ ಮೇಲೆ ಕಣಿ ಬಿಡಿಸಿ, ಸುಡುಮಣ್ಣು ಸೇರಿಸಿ, ಏರಿ ಎತ್ತರಿಸಿ ಮುಂಗಾರಿಗೆ ಸಿದ್ಧರಾಗಲು ಒಂದು ವಾರದ ಬಿಡುವು ಇರುತ್ತಿತ್ತು. ಈ ಬಾರಿ ಹತ್ತು ಹನಿಯ ಬದಲು ಮುಂಗಾರೇ ಬಂದಿತು. ರಜೆಯ ಮೇಲೆ ನಾನೂ ಊರಿನಲ್ಲಿದ್ದೆ. ಹಾರೆ ಹಿಡಿಯುವಷ್ಟರಲ್ಲಿ ಅಂಗಳದ ನೀರೆಲ್ಲ ಹಿತ್ತಿಲಿಗೆ ನುಗ್ಗಿ ನಾಲ್ಕು ದಿನ ನಿಂತಿತು.

ಮಲ್ಲಿಗೆಯ ಬೇರಿಗೆ ನೀರು ಬೇಕು, ಆದರೆ ನಿಂತ ನೀರು ಆಗದು. ಬೇರಿಗೆ ಗಾಳಿಯಾಡದೆ ಕೊಳೆ ಹಿಡಿಯುತ್ತದೆ. ಐದನೆಯ ದಿನ ಬಿಸಿಲು ಕಂಡಾಗ ಎಂಟೂ ಬುಡಗಳ ಎಲೆ ಹಳದಿಯಾಗಿ ಜೋತುಬಿದ್ದಿತ್ತು. ಬಸಳೆಯ ಬುಡ ಕೈಯಲ್ಲಿ ಮುಟ್ಟಿದರೆ ಲೋಳೆಯಾಗುತ್ತಿತ್ತು. ತೊಂಡೆಯ ಚಪ್ಪರ ಗಾಳಿಗೆ ಮಗುಚಿ, ಬಳ್ಳಿ ಬುಡದಲ್ಲೇ ಮುರಿದಿತ್ತು.

ಬೀಜವಾದರೂ ಇದೆಯಲ್ಲ ಎಂದುಕೊಂಡೆ. ಹಿಂದೆಲ್ಲ ಒಣಗಿದ ಹೀರೆಕಾಯಿ, ಹರಿವೆಯ ತೆನೆ, ಅಲಸಂಡೆಯ ಕೋಡುಗಳು ಒಲೆಯ ಮೇಲಿನ ಅಟ್ಟದಿಂದ ತೂಗುತ್ತಿದ್ದವು. ಆ ಹೊಗೆ ಅವುಗಳನ್ನು ಹುಳುವಿನಿಂದಲೂ ತೇವದಿಂದಲೂ ಕಾಯುತ್ತಿತ್ತು. ನಾನು ಒಲೆ ತೆಗೆಸಿದ ಮೇಲೆ ಅಮ್ಮ ಬೀಜಗಳನ್ನು ಡಬ್ಬಿಯಲ್ಲಿ ತುಂಬಿ ಕಪಾಟಿನಲ್ಲಿಟ್ಟಿದ್ದರು. ಡಬ್ಬಿ ತೆರೆದಾಗ ಬೂಷ್ಟು ಹಿಡಿದ ವಾಸನೆ ಬಂತು. ನಾನು ತಲೆ ಎತ್ತಲಾರದೆ ನಿಂತೆ. ಅಮ್ಮ ಡಬ್ಬಿಯನ್ನು ಮುಚ್ಚಿ, "ನಮ್ಮ ತೊಂಡೆ ಕೆಳಗಿನ ಮನೆಯಲ್ಲಿದೆ. ಹೋಗಿ ತಾ" ಎಂದರು.

ಮರಳಿ ಬಂದ ಬಳ್ಳಿಗಳು

ತೊಂಡೆಯ ವಿಷಯದಲ್ಲಿ ಒಂದು ವಿಶೇಷವಿದೆ. ಇದರಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದು ಹೂ ಬಿಡುವ ತನಕ ತಿಳಿಯದು. ಆದುದರಿಂದ ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಬಳ್ಳಿಯಿಂದ ಬೆರಳು ಗಾತ್ರದ, ಮೂರು ನಾಲ್ಕು ಗಿಣ್ಣುಗಳಿರುವ ತುಂಡನ್ನು ಕತ್ತರಿಸಿ ನೆಡುವುದೇ ರೂಢಿ. ಹಾಗೆ ಚಿಗುರಿದ್ದು ತಾಯಿಬಳ್ಳಿಯ ಗುಣವನ್ನೇ ಹೊತ್ತಿರುತ್ತದೆ. ಬಸಳೆಯೂ ತುಂಡಿನಿಂದ ಬೇಗನೆ ಚಿಗುರುತ್ತದೆ. ಮಲ್ಲಿಗೆಯಂತೂ ಕಾಯಿ ಕಟ್ಟುವುದೇ ತೀರಾ ಅಪರೂಪ. ಗೆಲ್ಲು ನೆಟ್ಟೇ ಬೆಳೆಸಬೇಕು. ಒಬ್ಬರು ಕೊಟ್ಟು ಇನ್ನೊಬ್ಬರು ಪಡೆದುಕೊಂಡಿದ್ದರಿಂದಲೇ ಈ ಗಿಡಗಳು ನಮ್ಮ ತಲೆಮಾರಿನವರೆಗೆ ಬಂದಿವೆ.

ಕೆಳಗಿನ ಮನೆಯವರು ತೊಂಡೆಯ ಹತ್ತು ತುಂಡುಗಳನ್ನು ತಾವೇ ಕತ್ತರಿಸಿ, ಸೆಗಣಿ ನೀರಿನಲ್ಲಿ ಅದ್ದಿ, ಬಾಳೆಲೆಯಲ್ಲಿ ಸುತ್ತಿಕೊಟ್ಟರು. ರಸ್ತೆಯಾಚೆಯ ಬ್ಯಾರಿ ಮನೆಯಿಂದ ಬಸಳೆಯ ಬಳ್ಳಿ ಬಂತು. "ನಿಮ್ಮದೇ ಬಸಳೆ, ಬಾಯಮ್ಮ. ನನ್ನ ಮಗಳ ಮದುವೆಯ ವರ್ಷ ಕೊಟ್ಟದ್ದು" ಎಂದು ಆ ಮನೆಯ ತಾಯಿ ವರ್ಷದ ಗುರುತನ್ನೂ ಹೇಳಿದರು. ಹರಿವೆಯ ಬೀಜ ಅಂಗನವಾಡಿಯ ಬಳಿಯ ಮನೆಯಿಂದ, ಹೀರೆಯ ಬೀಜ ಗುರ್ಕಾರರ ಮನೆಯಿಂದ ಬಂತು. ಅಮ್ಮ ಎಂದೋ ಕೊಟ್ಟು ಮರೆತಿದ್ದ ಮೇ ಹೂವಿನ ಗೆಡ್ಡೆಯನ್ನೂ ಒಬ್ಬರು ತಂದು ಜಗಲಿಯಲ್ಲಿಟ್ಟು ಹೋದರು. ಕೊಟ್ಟವರ ಪಟ್ಟಿ ನಮ್ಮಲ್ಲಿರಲಿಲ್ಲ. ಪಡೆದವರ ನೆನಪಿನಲ್ಲಿ ಅದು ಭದ್ರವಾಗಿತ್ತು.

ಮಲ್ಲಿಗೆ ಮಾತ್ರ ಬಾಕಿ ಉಳಿಯಿತು. ಅಮ್ಮನ ಮಲ್ಲಿಗೆಯ ಗೆಲ್ಲು ಹೋದದ್ದು ಪಕ್ಕದ ಮನೆಗೆ, 1998ರಲ್ಲಿ. ಆ ಮನೆಗೂ ನಮಗೂ ಆರು ವರ್ಷಗಳಿಂದ ಮಾತಿರಲಿಲ್ಲ. ಪಾಗಾರ ಕಟ್ಟುವಾಗ ಒಂದು ಮೊಳ ಜಾಗದ ವಿಷಯದಲ್ಲಿ ಬಂದ ತಕರಾರು ಅಳತೆಯವರನ್ನು ಕರೆಸುವವರೆಗೂ ಹೋಗಿತ್ತು. ಗೋಡೆ ಎದ್ದಿತು, ಬಾಗಿಲು ಮುಚ್ಚಿತು. ಗೋಡೆಯಾಚೆ ಅವರ ಮಲ್ಲಿಗೆ ಪ್ರತಿ ವಸಂತದಲ್ಲೂ ಹೂ ಬಿಡುತ್ತಿತ್ತು. ಪರಿಮಳ ಮಾತ್ರ ಈಚೆಗೆ ಬರುತ್ತಿತ್ತು.

ಪೇಟೆಯ ನರ್ಸರಿಯಿಂದ ಸಸಿ ತಂದುಕೊಡುವೆನೆಂದೆ. ಅಮ್ಮ ಒಪ್ಪಲಿಲ್ಲ. ಹಲಸಿನ ಹಪ್ಪಳದ ಒಂದು ಕಟ್ಟನ್ನು ಸೆರಗಿನಲ್ಲಿ ಮುಚ್ಚಿ, ಕೊಡೆ ಬಿಡಿಸಿ ಹೊರಟರು. ಹಿಂದೆಯೇ ಹೋದ ನಾನು ಅವರ ಗೇಟಿನ ಬಳಿ ನಿಂತೆ. ಪಕ್ಕದ ಮನೆಯ ಅಕ್ಕ ಜಗಲಿಗೆ ಬಂದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಳೆ ಮಾತ್ರ ಸುರಿಯುತ್ತಿತ್ತು.

"ಅಕ್ಕ, ನನ್ನ ಮಲ್ಲಿಗೆ ಎಲ್ಲ ಕೊಳೆತುಹೋಯಿತು. ಒಂದು ಗೆಲ್ಲು ಕೊಡಬಹುದೇ?" ಎಂದು ಅಮ್ಮ ಕೇಳಿದರು.

"ನಿಮ್ಮದೇ ಮಲ್ಲಿಗೆಯಲ್ಲವೇ ಬಾಯಮ್ಮ? ಕೇಳಲಿಕ್ಕೆ ಆರು ವರ್ಷ ಬೇಕಾಯಿತೇ?" ಎಂದರು ಆಕೆ. ಹಾಗೆನ್ನುತ್ತ ಕೊಡೆಯನ್ನೂ ಹಿಡಿಯದೆ ಅಂಗಳಕ್ಕಿಳಿದು, ಕತ್ತಿಯಿಂದ ಗೆಲ್ಲು ಕಡಿಯತೊಡಗಿದರು. ಅಮ್ಮ ಹೋಗಿ ಅವರ ತಲೆಯ ಮೇಲೆ ಕೊಡೆ ಹಿಡಿದರು. ಕೊಡುವುದನ್ನು ಜೀವಮಾನವಿಡೀ ರೂಢಿಸಿಕೊಂಡಿದ್ದ ಅಮ್ಮನಿಗೆ ಕೇಳುವುದು ಎಷ್ಟು ಕಷ್ಟವಾಗಿತ್ತೆಂಬುದು ಮನೆಗೆ ಬಂದ ಮೇಲೆ ಅವರ ಕೈ ನಡುಗುತ್ತಿದ್ದುದರಿಂದ ನನಗೆ ತಿಳಿಯಿತು.

ಒಂದು ಮೊಳ ಜಾಗದ ಪ್ರಶ್ನೆ ಅಂದು ಇತ್ಯರ್ಥವಾಗಲಿಲ್ಲ, ಇಂದಿಗೂ ಆಗಿಲ್ಲ. ಆದರೆ ಗೋಡೆಯ ಮೇಲಿನಿಂದ ಬಸಳೆಯ ಕಟ್ಟು ಆಚೆಗೂ, ಮಜ್ಜಿಗೆಯ ಚೊಂಬು ಈಚೆಗೂ ಮತ್ತೆ ದಾಟತೊಡಗಿವೆ.

ಹೂವಿನ ಬುಟ್ಟಿ

ನಾನು ಊರಿನಿಂದ ಹೊರಡುವ ಮೊದಲು ಹಿತ್ತಿಲಿನ ಅಂಚಿನ ಇಂಟರ್‌ಲಾಕ್ ಕಲ್ಲುಗಳ ಮೂರು ಸಾಲನ್ನು ಕೀಳಿಸಿ, ಅಡಿಯ ಕಾಂಕ್ರೀಟನ್ನು ಒಡೆಸಿ, ತೋಡಿನವರೆಗೆ ಕಣಿ ತೆಗೆಸಿದೆ. ಮಣ್ಣನ್ನು ಏರಿಸಿ ದಿಬ್ಬ ಮಾಡಿ ಮಲ್ಲಿಗೆಯ ಗೆಲ್ಲುಗಳನ್ನು ನೆಟ್ಟೆವು. ಬಚ್ಚಲುಮನೆಯ ಹಂಡೆಯ ಒಲೆಯ ಮೇಲೆ ಬೀಜ ತೂಗುಹಾಕಲು ಎರಡು ಕೋಲುಗಳನ್ನು ಕಟ್ಟಿಸಿದೆ. ಅಮ್ಮ ಆ ಕೋಲುಗಳನ್ನು ನೋಡಿ ನಕ್ಕರು.

ಜೂನ್ ತಿಂಗಳ ನಡುವಿನಲ್ಲಿ ಪಕ್ಕದ ಮನೆಯ ಅಕ್ಕ ಕೊಟ್ಟ ಗೌರಿಹೂವಿನ ಬೀಜವನ್ನು ಬಿತ್ತಲಾಯಿತು. ಬಿತ್ತಿದ ಸುಮಾರು ಎರಡು ತಿಂಗಳಲ್ಲಿ ಅದು ಹೂ ಬಿಡುತ್ತದೆ. ಮಾತೆ ಮರಿಯಳ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ನೊವೆನಾ ಆಗಸ್ಟ್ 30ರಂದು ಆರಂಭವಾಗುವಾಗ ಮಕ್ಕಳ ಬುಟ್ಟಿಗೆ ಹೂ ಬೇಕಲ್ಲವೇ? ನಮ್ಮ ಬಾಲ್ಯದಲ್ಲಿ ಈ ಬುಟ್ಟಿಯನ್ನು ತುಂಬಲು ನಾವು ಯಾರ ಹಿತ್ತಿಲಿಗೆ ಬೇಕಾದರೂ ನುಗ್ಗುತ್ತಿದ್ದೆವು. ಯಾವ ಮನೆಯವರೂ ಗದರುತ್ತಿರಲಿಲ್ಲ. ಪೇಟೆಯಲ್ಲಿ ಇಂದು ಅದೇ ಬುಟ್ಟಿಗೆ ಹಣ ಕೊಟ್ಟು ಹೂ ತರುವ ಮನೆಗಳೂ ಇವೆ. ಅವರನ್ನು ದೂರುವಂತಿಲ್ಲ. ಅಂಗಳಕ್ಕೆ ಕಲ್ಲು ಹಾಸಿದ ನನಗಂತೂ ಆ ಅಧಿಕಾರವಿಲ್ಲ.

2025ರ ಮೊಂತಿ ಹಬ್ಬಕ್ಕೆ ನಾನು ಮತ್ತೆ ಊರಿಗೆ ಬಂದೆ. ಹಬ್ಬದ ಸಸ್ಯಾಹಾರದ ಊಟಕ್ಕೆ ವಾಡಿಕೆಯಂತೆ ಬೆಸಸಂಖ್ಯೆಯಲ್ಲಿ, ಏಳು ಬಗೆಯ ತರಕಾರಿಗಳು ಎಲೆಯ ಮೇಲಿದ್ದವು. ತೊಂಡೆ, ಬೆಂಡೆ, ಅಲಸಂಡೆ, ಹೀರೆ, ಹರಿವೆ, ಮುಳ್ಳುಸೌತೆ, ಕೆಸುವಿನ ದಂಟು. ಅವುಗಳಲ್ಲಿ ಆರರ ಬೀಜವೋ ಬಳ್ಳಿಯೋ ಬೇರೆ ಬೇರೆ ಮನೆಗಳಿಂದ ಬಂದವು. ಕೆಸು ಮಾತ್ರ ನಮ್ಮದೇ ಹಿತ್ತಿಲಿನದು. ನಿಂತ ನೀರಿಗೆ ಅದು ಅಂಜಲಿಲ್ಲ.

ವಾಚಕರಲ್ಲಿ ಹಿತ್ತಿಲು ಇರುವವರೂ ಇದ್ದೀರಿ, ಮೂರನೆಯ ಮಾಳಿಗೆಯ ಬಾಲ್ಕನಿಯಲ್ಲಿ ಎರಡು ಕುಂಡಗಳನ್ನಿಟ್ಟುಕೊಂಡವರೂ ಇದ್ದೀರಿ. ಬಸಳೆಗೆ ಒಂದು ಕುಂಡ ಸಾಕು, ಒಂದು ತುಂಡು ದಾರ ಸಾಕು. ಅದು ಚಿಗುರಿದಾಗ ಎರಡು ಗೇಣು ಕತ್ತರಿಸಿ ಎದುರು ಮನೆಯ ಬಾಗಿಲು ತಟ್ಟಿರಿ. ನಿಮ್ಮ ಬಳ್ಳಿ ಒಂದು ಮಳೆಗೆ ಕೊಳೆತುಹೋದರೆ ಕೇಳಲು ಒಂದು ಮನೆಯಾದರೂ ಇರುತ್ತದೆ. ಕೇಳಲು ಸಂಕೋಚಪಡಬೇಡಿರಿ. ಎದುರು ಮನೆಯವರು ಆ ಕರೆಗಾಗಿಯೇ ಕಾದಿದ್ದರೂ ಕಾದಿರಬಹುದು.

ಅಮ್ಮನ ಎಂಟು ಬುಡ ಮಲ್ಲಿಗೆಯ ಜಾಗದಲ್ಲಿ ಐದು ಚಿಗುರಿವೆ. ಆರನೆಯದನ್ನು ನೆಡಬೇಕಾದ ಗೆಲ್ಲನ್ನು ಅಮ್ಮ ಮನೆಗೆ ಬಂದ ಯಾರಿಗೋ ಕೊಟ್ಟು ಕಳುಹಿಸಿದರಂತೆ.