ಜಮಖಾನಿಗೆ ಕಲೆ ಬಿದ್ದರೆ ಮೊದಲು ಏನು ಮಾಡಬೇಕು?

ಜಮಖಾನಿ ಮೇಲೆ ಸಾರು ಚೆಲ್ಲಿದರೆ ನಾವು ಮೊದಲು ಮಾಡುವುದು ಒದ್ದೆ ಬಟ್ಟೆ ತಂದು ಜೋರಾಗಿ ಉಜ್ಜುವ ಕೆಲಸ. ಕಲೆ ಕಾಯಂ ಆಗಲು ಅದೇ ಮುಖ್ಯ ಕಾರಣ. ಉಜ್ಜಿದಷ್ಟೂ ಬಣ್ಣ ನೂಲಿನ ಬುಡಕ್ಕೆ ಇಳಿಯುತ್ತದೆ, ಸುತ್ತಲೂ ಹರಡುತ್ತದೆ. ಗಟ್ಟಿ ಪದಾರ್ಥ ಇದ್ದರೆ ಚಮಚೆಯಿಂದ ಎತ್ತಿ ತೆಗೆಯಿರಿ. ಆಮೇಲೆ ಒಣ ಬಿಳಿ ಹತ್ತಿ ಬಟ್ಟೆಯನ್ನು ಕಲೆಯ ಮೇಲೆ ಒತ್ತಿ ಹಿಡಿದು ಹೀರಿಸಿ. ಬಟ್ಟೆಯ ಮಗ್ಗುಲು ಬದಲಿಸುತ್ತ, ಕಲೆಯ ಅಂಚಿನಿಂದ ನಡುವಿಗೆ ಬನ್ನಿ. ಬಣ್ಣದ ಬಟ್ಟೆ ಬೇಡ, ಅದರ ಬಣ್ಣವೇ ಜಮಖಾನಿಗೆ ಹತ್ತಬಹುದು.

ಮುಂದಿನ ಹೆಜ್ಜೆಗೆ ಮೊದಲು ಎರಡು ವಿಷಯ ತಿಳಿದಿರಬೇಕು. ಹಾಸು ಯಾವ ನೂಲಿನದು? ಕಲೆ ಯಾವುದರದು?

ನೂಲು ಗೊತ್ತಿಲ್ಲದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಹಾಸಿನಿಂದ ದೂರ ಹೋಗಿ ಬೆಂಕಿ ಕಡ್ಡಿಗೆ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ಸಿಂಥೆಟಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ನೂಲು. ಬಜಾರಿನಲ್ಲಿ ಸಿಗುವ ಅಗ್ಗದ ಗಾಲಿಚಗಳು ಹೆಚ್ಚಾಗಿ ಸಿಂಥೆಟಿಕ್. ಅವುಗಳಿಂದ ಕಲೆ ತೆಗೆಯುವುದು ಸುಲಭ. ನವಲಗುಂದದ ಜಮಖಾನಿ ಹತ್ತಿಯದು. ಅಲ್ಲಿನ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನೇಯ್ಗೆ ಅದು. ಬಣ್ಣದ ಹತ್ತಿ ಹಾಸು ಬಣ್ಣ ಬಿಡಬಹುದು. ಅದಕ್ಕೇ ಯಾವ ದ್ರಾವಣವಾದರೂ ಮೊದಲು ಕಾಣದ ಮೂಲೆಗೆ ಒಂದು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ.

ಈಗ ಕಲೆಗಳ ವಿಷಯ. ನಮ್ಮ ಕಲಬುರಗಿ ಕಡೆ ಮನೆಮನೆಯ ದೊಡ್ಡ ತಲೆನೋವು ಅರಿಶಿಣ. ತೊಗರಿಬೇಳೆಯ ಸಾರು, ಪಲ್ಯ, ಉಪ್ಪಿನಕಾಯಿ, ಎಲ್ಲದರಲ್ಲೂ ಅರಿಶಿಣದ ಜೊತೆ ಎಣ್ಣೆ ಇರುತ್ತದೆ. ಅರಿಶಿಣದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಇದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಮೊದಲು ಎಣ್ಣೆ ತೆಗೆಯಬೇಕು. ಕಲೆಯ ಮೇಲೆ ಕಾರ್ನ್‌ಫ್ಲೋರ್ ಅಥವಾ ಅಡುಗೆ ಸೋಡಾ ದಪ್ಪಗೆ ಉದುರಿಸಿ, ಅರ್ಧ ಗಂಟೆ ಬಿಟ್ಟು ಝಾಡಿಸಿ. ಕಡಲೆಹಿಟ್ಟು ಬೇಡ, ಅದು ತನ್ನ ಹಳದಿಯನ್ನೇ ಬಿಟ್ಟುಹೋಗುತ್ತದೆ. ಆಮೇಲೆ ಎರಡು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಬಟ್ಟೆ ಅದ್ದಿ ಹಿಂಡಿ, ಕಲೆಯ ಮೇಲೆ ಒತ್ತಿ ಒತ್ತಿ ತೆಗೆಯಿರಿ.

ಇಲ್ಲಿ ಅನೇಕರು ಗಾಬರಿಯಾಗುತ್ತಾರೆ. ಅಡುಗೆ ಸೋಡಾ, ಬಟ್ಟೆ ಸೋಪು ಅಥವಾ ಡಿಟರ್ಜೆಂಟ್ ಪುಡಿ ತಾಗಿದರೆ ಹಳದಿ ಕಲೆ ಕೆಂಪಾಗುತ್ತದೆ. ಹಾಸು ಹಾಳಾಯಿತೆಂದು ತಿಳಿಯಬೇಡಿ. ಇವು ಕ್ಷಾರ. ಕ್ಷಾರ ಸಿಕ್ಕಿದರೆ ಅರಿಶಿಣ ಕೆಂಪಾಗುವುದು ಅದರ ಗುಣ. ಒಂದು ಲೋಟ ನೀರಿಗೆ ಎರಡು ಚಮಚೆ ಬಿಳಿ ವಿನೆಗರ್ ಅಥವಾ ನಿಂಬೆರಸ ಬೆರೆಸಿ ಒತ್ತಿದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದ ಹಳದಿ ತೆಗೆಯಲು ಬಿಸಿಲೇ ಒಳ್ಳೆಯ ಮದ್ದು. ಬೆಳಕು ಬಿದ್ದರೆ ಕರ್ಕ್ಯುಮಿನ್ ಒಡೆದುಹೋಗುತ್ತದೆ. ಕಲಬುರಗಿಯಲ್ಲಿ ಬಿಸಿಲಿಗೆ ಬರವಿಲ್ಲ. ಹಾಸನ್ನು ಮಾಳಿಗೆಗೆ ಒಯ್ದು, ಕಲೆ ಬಿದ್ದ ಜಾಗ ಮಾತ್ರ ಕಾಣುವಂತೆ ಉಳಿದ ಭಾಗವನ್ನು ಹಳೆ ಚಾದರದಿಂದ ಮುಚ್ಚಿ, ಆಗಾಗ ಹೋಗಿ ನೋಡಿ. ಇಡೀ ಹಾಸು ಬಿಸಿಲಿಗೆ ಹಾಕಿದರೆ ಅದರ ಬಣ್ಣವೂ ಮಂಕಾಗುತ್ತದೆ.

ಎಲೆಅಡಿಕೆಯ ಕೆಂಪು ಕೂಡ ಇದೇ ಕುಲದ್ದು. ಶರಣಬಸವೇಶ್ವರ ಜಾತ್ರೆಗೋ ಬಂದೇನವಾಜ್ ಉರುಸಿಗೋ ನೆಂಟರು ಬಂದು ಹೋದ ಮೇಲೆ ಹಾಸಿನ ಮೇಲೆ ಒಂದೆರಡು ಕೆಂಪು ಹನಿ ಕಂಡರೆ ಆಶ್ಚರ್ಯವಿಲ್ಲ. ಅಡಿಕೆ, ಕಾಚಿಗೆ ಸುಣ್ಣ ಸೇರಿದಾಗ ಆ ಕೆಂಪು ಏರುತ್ತದೆ. ಸುಣ್ಣವೂ ಕ್ಷಾರವೇ. ಆದ್ದರಿಂದ ಸೋಪಿಗಿಂತ ಮೊದಲು ವಿನೆಗರ್ ನೀರು ಹಾಕಿ. ಕೆಂಪು ಇಳಿದು ಕಂದು ಉಳಿಯುತ್ತದೆ. ಅದನ್ನು ಲಿಕ್ವಿಡ್ ನೀರಿನಿಂದ ಒತ್ತಿ ತೆಗೆಯಿರಿ. ಹಳೆಯ ಎಲೆಅಡಿಕೆ ಕಲೆ ಪೂರ್ತಿ ಹೋಗುವುದು ಅಪರೂಪ, ಮಸುಕಾಗುತ್ತದೆ ಅಷ್ಟೆ.

ಚಾ ಬಿದ್ದರೆ ಬಿಸಿನೀರು ಹಾಕಬೇಡಿ. ನಮ್ಮ ಚಾದಲ್ಲಿ ಹಾಲಿದೆ, ಹಾಲಿನ ಪ್ರೋಟೀನ್ ಬಿಸಿಗೆ ನೂಲಿನಲ್ಲೇ ಗಟ್ಟಿಯಾಗುತ್ತದೆ. ಮೊದಲು ತಣ್ಣೀರು, ನಂತರ ಲಿಕ್ವಿಡ್, ಕೊನೆಗೆ ವಿನೆಗರ್ ನೀರು. ರಕ್ತಕ್ಕೂ ತಣ್ಣೀರೇ, ಚಿಟಿಕೆ ಉಪ್ಪು ಬೆರೆಸಿ. ಕಮಲಾಪುರದ ಕೆಂಪು ಬಾಳೆಹಣ್ಣು ಮಕ್ಕಳ ಕೈಯಿಂದ ಜಾರಿ ಬಿದ್ದರೆ ಅದು ಕಪ್ಪಾಗುವ ಮೊದಲೇ ಎತ್ತಿ, ನಿಂಬೆನೀರು ಒತ್ತಿ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬರುವ ಎರೆಮಣ್ಣಿಗೆ ಮಾತ್ರ ಅವಸರ ಬೇಡ. ಹಸಿಯಿದ್ದಾಗ ಮುಟ್ಟಿದರೆ ಹರಡುತ್ತದೆ. ಪೂರ್ತಿ ಒಣಗಿದ ಮೇಲೆ ಬ್ರಷ್‌ನಿಂದ ಕೆದರಿ ಝಾಡಿಸಿದರೆ ಬಹುಪಾಲು ಉದುರುತ್ತದೆ. ಕುಂಕುಮವೂ ಹಾಗೆಯೇ, ಮೊದಲು ಒಣದಾಗಿಯೇ ಕೊಡವಿ.

“ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರೆ ನೊರೆ ಬರುತ್ತದಲ್ಲ, ಅದು ಕಲೆ ಎತ್ತುವುದಿಲ್ಲವೇ?” ಎಂದು ಕೇಳುತ್ತೀರಿ. ಆ ನೊರೆ ಇಂಗಾಲದ ಡೈಆಕ್ಸೈಡ್ ಅನಿಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ, ಉಳಿಯುವುದು ಬಹುಪಾಲು ಉಪ್ಪುನೀರಿನಂಥ ದ್ರವ. ಬೇರೆ ಬೇರೆ ಹೊತ್ತಿಗೆ ಬಳಸಿ, ಒಟ್ಟಿಗೆ ಬೇಡ.

ನಮ್ಮೂರಿನ ಮನೆಗಳಿಗೆ ಒಂದು ವಿಶೇಷ ಎಚ್ಚರಿಕೆ ಹೇಳಲೇಬೇಕು. ಕಪನೂರ ಇರಲಿ, ಹಳೆ ಕಲಬುರಗಿ ಇರಲಿ, ಅನೇಕ ಮನೆಗಳ ನೆಲ ಶಹಾಬಾದ್ ಕಲ್ಲಿನದು. ಅದು ಸುಣ್ಣದ ಕಲ್ಲು. ವಿನೆಗರ್, ನಿಂಬೆರಸ ತಾಗಿದರೆ ಕಲ್ಲಿನ ಮೇಲ್ಮೈ ತಿಂದುಹೋಗಿ ಮಂಕು ಕಲೆ ಉಳಿಯುತ್ತದೆ, ಅದನ್ನು ಮತ್ತೆ ಪಾಲಿಶ್ ಮಾಡಿಸದೆ ಗತಿಯಿಲ್ಲ. ಹಾಸನ್ನು ನೆಲದಿಂದ ಎತ್ತಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಕೆಲಸ ಮಾಡಿ.

ಇನ್ನು ನೀರು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ನೊರೆ ಬಿಡದೆ ಬೂದು ಜಿಡ್ಡಾಗಿ ನೂಲಿಗೆ ಹತ್ತುತ್ತದೆ. ಜಿಡ್ಡು ಧೂಳು ಹಿಡಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಕಲೆಯ ಜಾಗ ಮತ್ತೆ ಕಪ್ಪಾಗಿ ಕಾಣುತ್ತದೆ, “ಕಲೆ ವಾಪಸ್ ಬಂತು” ಎನ್ನುತ್ತೇವೆ. ದಾಲ್ ಮಿಲ್ ಮತ್ತು ಕಾರ್ಖಾನೆಗಳ ಧೂಳಿರುವ ಕಡೆ ಇದು ಇನ್ನೂ ಬೇಗ. ಕೊನೆಯ ಒರೆಸುವಿಕೆಗೆ ಫಿಲ್ಟರ್ ನೀರು ಅಥವಾ ಮಳೆನೀರು ಬಳಸಿ. ಉಣ್ಣೆಯ ಹಾಸು, ಕಂಬಳಿಗೆ ಅಂಟುವಾಳದ ನೀರು ಬಹಳ ಒಳ್ಳೆಯದು. ಏಳೆಂಟು ಕಾಯಿಯ ಬೀಜ ತೆಗೆದು ರಾತ್ರಿ ನೆನೆಸಿ, ಕಿವುಚಿ ಸೋಸಿದರೆ ಆಯಿತು. ಗಡಸು ನೀರಿನಲ್ಲೂ ಅದು ಜಿಡ್ಡಾಗುವುದಿಲ್ಲ, ಉಣ್ಣೆಗೂ ಹಾನಿ ಮಾಡುವುದಿಲ್ಲ. ಆದರೆ ಅದರ ನೀರು ಕಂದು, ಬಿಳಿ ಹಾಸಿಗೆ ಬೇಡ. ವಾಷಿಂಗ್ ಸೋಡಾ ಉಣ್ಣೆಯನ್ನು ಕೆಡಿಸುತ್ತದೆ.

ಯಾವುದಕ್ಕೂ ಜಗ್ಗದ ಕಲೆಗೆ ಹೈಡ್ರೋಜನ್ ಪೆರಾಕ್ಸೈಡ್ ಇದೆ. ಗಾಯ ತೊಳೆಯಲು ಬಳಸುವ ದ್ರಾವಣ ಇದು, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಲೇಬಲ್ ಮೇಲೆ 6% ಎಂದಿದ್ದರೆ ಅಷ್ಟೇ ನೀರು ಬೆರೆಸಿ 3%ಗೆ ಇಳಿಸಿ. ತಿಳಿ ಬಣ್ಣದ ಹತ್ತಿ ಅಥವಾ ಸಿಂಥೆಟಿಕ್ ಹಾಸಿಗೆ ಮಾತ್ರ ಹಾಕಿ. ಇದು ಬಣ್ಣವನ್ನೇ ತೆಗೆಯುತ್ತದೆ, ಗಾಢ ಬಣ್ಣದ ಹಾಸಿನಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಬ್ಲೀಚಿಂಗ್ ಪೌಡರ್ ಮನೆಯ ಗಾಲಿಚಕ್ಕೆ ಬೇಡವೇ ಬೇಡ. ಅದಕ್ಕೆ ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ಖರ್ಚು ಹೆಚ್ಚಿಲ್ಲ. ಪಾತ್ರೆ ಲಿಕ್ವಿಡ್, ಅಡುಗೆ ಸೋಡಾ ಮನೆಯಲ್ಲೇ ಇರುತ್ತವೆ. ವಿನೆಗರ್, ಕಾರ್ನ್‌ಫ್ಲೋರ್ ಓಣಿಯ ಕಿರಾಣಿ ಅಂಗಡಿಯಲ್ಲೇ ಸಿಗಬಹುದು, ಇಲ್ಲದಿದ್ದರೆ ಸೂಪರ್ ಮಾರ್ಕೆಟ್ ಕಡೆ ಹೋದಾಗ ತನ್ನಿ. ಅಂಟುವಾಳ ಗ್ರಂದಿಗೆ ಅಂಗಡಿಯಲ್ಲಿ ಕೇಳಿ.

ಕಲೆ ಹೋದ ಮೇಲೆ ಹಾಸನ್ನು ಒದ್ದೆಯಾಗಿ ನೆಲಕ್ಕೆ ಹಾಸಬೇಡಿ, ಹಿಂಭಾಗ ಬೂಷ್ಟು ಹಿಡಿಯುತ್ತದೆ. ಎರಡೂ ಬದಿ ಒಣಗಿಸಿ. ರೇಷ್ಮೆಯ ಹಾಸು, ಅಜ್ಜಿಯ ಕಾಲದ ಕೈನೇಯ್ಗೆ, ಬಣ್ಣ ಬಿಡುವ ಜಮಖಾನಿ ಇದ್ದರೆ ಮನೆಮದ್ದು ಮಾಡದೆ ಡ್ರೈಕ್ಲೀನಿಂಗ್‌ಗೆ ಕೊಡಿ. ಕೊಡುವಾಗ ಕಲೆ ಯಾವುದರದು, ಬಿದ್ದು ಎಷ್ಟು ದಿನವಾಯಿತು, ಮನೆಯಲ್ಲಿ ಏನೇನು ಹಚ್ಚಿದ್ದೀರಿ ಎಂಬುದನ್ನು ತಪ್ಪದೆ ಹೇಳಿ.