ಮನೆಗೆ ಮಗನಾದ ಮಗಳು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿ ನಿಂತ ನೀರಿಗೆ ರೇಣುಕಾ ಸಾಗರ ಎಂದು ಹೆಸರು. ಸಮೀಪದ ಗುಡ್ಡದಲ್ಲಿ ಆ ರೇಣುಕೆಯೇ ಎಲ್ಲಮ್ಮನಾಗಿ ನೆಲೆಸಿದ್ದಾಳೆ. ಭರತ ಹುಣ್ಣಿಮೆ ಬಂತೆಂದರೆ ನಮ್ಮ ಕಡೆಯ ಜನ ಉಧೋ ಉಧೋ ಎನ್ನುತ್ತ ಗುಡ್ಡದ ದಾರಿ ಹಿಡಿಯುತ್ತಾರೆ.

ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರಾಂಬರ್ಗ್ ಈ ದೇವಿಗೆ ಬಿಟ್ಟ ಹೆಂಗಸರಾದ ಜೋಗತಿಯರನ್ನು ಹುಡುಕಿಕೊಂಡು ಈ ಸೀಮೆಗೆ ಬಂದರು. ಆ ಹೊತ್ತಿಗೆ ಜೋಗತಿಯರ ಬಗ್ಗೆ ಸರ್ಕಾರವೂ ಸುಧಾರಕರೂ ತೀರ್ಮಾನಕ್ಕೆ ಬಂದಾಗಿತ್ತು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗಲೇ 1934ರ ಕಾಯ್ದೆ ಬಂದಿತ್ತು, ಆಮೇಲೆ ಕರ್ನಾಟಕದ 1982ರ ಕಾಯ್ದೆ. ಮುತ್ತು ಕಟ್ಟಿ ಹುಡುಗಿಯನ್ನು ದೇವಿಗೆ ಬಿಡುವುದು ಅಪರಾಧವಾಯಿತು. ಜೋಗತಿಯ ಜಡೆಗಟ್ಟಿದ ಕೂದಲು ದೇವಿಯ ಗುರುತಲ್ಲ, ಬರೀ ಕೊಳೆ ಎಂದು ಅದನ್ನು ಕತ್ತರಿಸುವ ಅಭಿಯಾನಗಳೂ ನಡೆದವು. ಹೆಣ್ಣುಮಕ್ಕಳನ್ನು ಹೀಗೆ ದೇವಿಗೆ ಬಿಡುವುದು ನಿಲ್ಲಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹೆಂಗಸರನ್ನು ಕೂಡಿಸಿಕೊಂಡು ನಿಮ್ಮ ಬಾಳು ಎಂಥದ್ದು ಎಂದು ಕೇಳಿದವರು ಕಡಿಮೆ.

ರಾಂಬರ್ಗ್ ದಲಿತ ಕೇರಿಗಳಲ್ಲಿ ಅವರ ಜೊತೆಗಿದ್ದು ಅದನ್ನೇ ಕೇಳಿದರು. ಮಂಗಳವಾರ, ಶುಕ್ರವಾರ ಜೋಗತಿ ತಲೆಯ ಮೇಲೆ ಜಗ, ಅಂದರೆ ದೇವಿಯ ಮೂರ್ತಿಯಿಟ್ಟ ಬುಟ್ಟಿ, ಹೊತ್ತು ಮನೆಮನೆಗೆ ಹೋಗುತ್ತಾಳೆ. ಜೊತೆಗೆ ಚೌಡಿಕೆ ವಾದ್ಯ ನುಡಿಯುತ್ತದೆ. ಮನೆಯವರು ಕಾಳುಕಡಿ ನೀಡುತ್ತಾರೆ, ಅವಳು ಅವರ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತಾಳೆ. ಮೈಮೇಲೆ ದೇವಿ ಬಂದರೆ ಹೇಳಿಕೆ ನುಡಿಯುತ್ತಾಳೆ. ಕೂಸು ಉಳಿಯದ ಮನೆ, ವಾಸಿಯಾಗದ ಬ್ಯಾನಿ, ಮೇಲಿಂದ ಮೇಲೆ ಸಾವು: ಇವಕ್ಕೆಲ್ಲ ನಮ್ಮ ಕಡೆ ಎಲ್ಲಮ್ಮನ ಕಾಡಾಟ ಎನ್ನುತ್ತಾರೆ. ಕಾಡಾಟ ತೀರಲೆಂದೇ ಎಷ್ಟೋ ಮನೆಗಳು ಮಗಳನ್ನು ದೇವಿಗೆ ಬಿಟ್ಟವು.

ರಾಂಬರ್ಗ್ ಅವರಿಗೆ ಎದುರಾದ ಹೊಸ ಸಂಗತಿ ಇಲ್ಲಿಂದ ಮುಂದಿನದು. ದೇವಿಯೇ ನಮ್ಮ ಗಂಡ ಎನ್ನುತ್ತಾರೆ ಜೋಗತಿಯರು. ಅದನ್ನು ಬರೀ ಭಕ್ತಿಯ ಮಾತೆಂದು ಬದಿಗಿಡದೆ ರಾಂಬರ್ಗ್ ಅದರ ಬೆನ್ನು ಹತ್ತಿದರು. ಗಂಡನ ಮನೆಗೆ ಹೋಗದ ಮಗಳು ತವರಿನಲ್ಲೇ ಉಳಿಯುತ್ತಾಳೆ. ದುಡಿದು ತರುತ್ತಾಳೆ, ತಂದೆತಾಯಿಯನ್ನು ಸಾಕುತ್ತಾಳೆ, ಆಸ್ತಿಗೆ ಹಕ್ಕುದಾರಳಾಗುತ್ತಾಳೆ. ಅವಳ ಮಕ್ಕಳಿಂದ ಮನೆತನದ ಹೆಸರು ಮುಂದುವರಿಯುತ್ತದೆ. ಅಂದರೆ ಆ ಮನೆಗೆ ಅವಳೇ ಮಗ. ನೆಂಟಸ್ತಿಕೆ ಬೆಳೆಯುವುದು ಗಂಡು-ಹೆಣ್ಣಿನ ಮದುವೆಯಿಂದ ಎಂದು ಎಣಿಸಿದ್ದ ಮಾನವಶಾಸ್ತ್ರಕ್ಕೆ ದೇವಿಯೊಂದಿಗಿನ ಮದುವೆಯೂ ನೆಂಟಸ್ತಿಕೆಯನ್ನು ಕಟ್ಟುತ್ತದೆ ಎಂದು ಅವರು ತೋರಿಸಿದರು. 2013ರಲ್ಲಿ ಈ ಬಗ್ಗೆ ಲೇಖನ ಬಂತು, 2014ರಲ್ಲಿ ‘ಗಿವನ್ ಟು ದಿ ಗಾಡೆಸ್’ ಪುಸ್ತಕ.

ಇದನ್ನು ಓದಿ ದೇವಿಗೆ ಬಿಡುವ ಪದ್ಧತಿಯೇ ಚಂದವಿತ್ತು ಎನ್ನುವವರು ಸೀತವ್ವ ಜೋಡಟ್ಟಿಯವರ ಬಾಳನ್ನೂ ನೋಡಬೇಕು. ಬೆಳಗಾವಿ ಜಿಲ್ಲೆಯ ಈ ಹೆಣ್ಣುಮಗಳನ್ನು ಗಂಡುಸಂತಾನವಿಲ್ಲದ ಮನೆಯವರು ಏಳನೇ ವಯಸ್ಸಿಗೇ ದೇವಿಗೆ ಬಿಟ್ಟರು. ಮಗನ ಹೊರೆ ಏಳು ವರ್ಷದ ಹುಡುಗಿಯ ಹೆಗಲಿಗೆ ಬಿತ್ತು. ಮುಂದೆ ಆಕೆ ಘಟಪ್ರಭಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯಲ್ಲಿ ತನ್ನಂಥ ಹೆಂಗಸರನ್ನು ಒಟ್ಟುಗೂಡಿಸಿ, ಇನ್ನೊಬ್ಬ ಹುಡುಗಿಗೆ ಮುತ್ತು ಕಟ್ಟದಂತೆ ಊರೂರು ತಿರುಗಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.