ಕಬ್ಬಿನ ಹಂಗಾಮಿಗೆ ಬರುವ ಮಕ್ಕಳು ಯಾವ ಊರಿನವರು?

ಶ್ರೀರಂಗಪಟ್ಟಣ, ಪಾಂಡವಪುರದ ಬಯಲು ಹಸಿರಾದದ್ದರಲ್ಲಿ ಹೊರಗಿನಿಂದ ಬಂದವರ ಬೆವರೂ ಇದೆ. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾದಾಗ ಸಾವಿರಾರು ಕೂಲಿಗಳು ಬಂದು ಗುಡಿಸಲು ಹಾಕಿಕೊಂಡರು. ನಾಲೆ ಹರಿಯಿತು, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ, ಆಮೇಲೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ, ಇತ್ತೀಚೆಗೆ ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲಿ ಖಾಸಗಿ ಕಾರ್ಖಾನೆ ತಲೆಯೆತ್ತಿದವು. ಊರಿನಲ್ಲಿ ಕೂಲಿಯಾಳು ಸಿಗದಂತಾದಾಗ ಕಟಾವಿಗೆ ಬಳ್ಳಾರಿ ಕಡೆಯ ಗ್ಯಾಂಗುಗಳು ಬಂದವು, ಆಲೆಮನೆಗಳಿಗೆ ಉತ್ತರ ಪ್ರದೇಶ, ಬಿಹಾರದವರು ಬಂದರು. ನಾಗಮಂಗಲದ್ದು ತಿರುವುಮುರುವು ಕಥೆ: ಮಳೆಯನ್ನೇ ನಂಬಿದ ಆ ಸೀಮೆಯಿಂದ ಜನ ದುಡಿಮೆ ಹುಡುಕಿ ಬೆಂಗಳೂರಿಗೆ ಹೋದರು. ಬಿಡಾರದ ಬದುಕು ಮಂಡ್ಯ ಜಿಲ್ಲೆಗೆ ಹೊಸದೇನಲ್ಲ.

ಅಂಗನವಾಡಿ ಹುಟ್ಟಿದ್ದು ಮಾತ್ರ ನೆಲೆ ನಿಂತವರಿಗಾಗಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಶ್ರೀರಂಗಪಟ್ಟಣದಿಂದ ಕಾವೇರಿಯ ಕೆಳಹರಿವಿನಲ್ಲಿರುವ ತಿ. ನರಸೀಪುರ. ಇಷ್ಟು ಜನಸಂಖ್ಯೆಗೆ ಒಂದು ಕೇಂದ್ರ, ಕಾರ್ಯಕರ್ತೆಯ ಮನೆಮನೆ ಸಮೀಕ್ಷೆ, ಅದರಂತೆ ದಾಖಲಾತಿ, ಅದರಂತೆ ರೇಷನ್ನು. ಮನೆಯಿದ್ದವರಿಗೆ ಈ ಲೆಕ್ಕ ಸರಿ. ಗದ್ದೆಯಂಚಿನ ಟಾರ್ಪಾಲಿಗೆ ಮನೆ ನಂಬರೇ ಇಲ್ಲ. ಸಮೀಕ್ಷೆ ಮುಗಿದ ಮೇಲೆ ಎದ್ದು, ಮುಂದಿನ ಸಮೀಕ್ಷೆಯ ಹೊತ್ತಿಗೆ ಅದು ಕಿತ್ತುಹೋಗಿರುತ್ತದೆ. ಕಾನೂನಿನಲ್ಲಿ ಅಡ್ಡಿಯಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಊಟವನ್ನು ಹಕ್ಕೆಂದಿದೆ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಕೇಂದ್ರವಿಲ್ಲದ ವಸತಿ ಕೇಳಿದರೆ ಮೂರು ತಿಂಗಳಲ್ಲಿ ಕೊಡಬೇಕೆಂದು 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೊರತೆಯಿರುವುದು ಕರುಣೆಯಲ್ಲೂ ಅಲ್ಲ, ಎಣಿಕೆಯಲ್ಲಿ.

ನಾಲ್ಕು ತಿಂಗಳಿದ್ದು ಹೋಗುವ ಮಕ್ಕಳನ್ನು ಸೇರಿಸಿಕೊಂಡು ಫಲವೇನು ಎಂಬ ಆಕ್ಷೇಪವಿದೆ. ಎರಡು ವರ್ಷದ ಮಗುವಿಗೆ ನಾಲ್ಕು ತಿಂಗಳೆಂದರೆ ಆಯುಸ್ಸಿನ ಆರನೇ ಒಂದು ಪಾಲು. ಆಗ ತಪ್ಪಿದ ತೂಕ, ತಪ್ಪಿದ ಚುಚ್ಚುಮದ್ದು ಮುಂದಿನ ಹಂಗಾಮಿಗೆ ಕಾಯುವುದಿಲ್ಲ. ನಮ್ಮೂರ ಮಕ್ಕಳ ಮೊಟ್ಟೆ, ಹಾಲು ಹಂಚಿಹೋಗುತ್ತದೆ ಎಂಬುದು ಇನ್ನೊಂದು. ಈ ಭಯ ಪೂರ್ತಿ ಸುಳ್ಳಲ್ಲ: ಹೆಸರು ಬರೆಯದೆ ಮರುಕಕ್ಕೆ ಬಡಿಸಿದರೆ ನಿಜಕ್ಕೂ ಕಡಿಮೆ ಬೀಳುತ್ತದೆ. ಆದರೆ ಅನುದಾನ ತಲೆಲೆಕ್ಕದ್ದು. 2017ರಲ್ಲಿ ಪರಿಷ್ಕರಿಸಿದ ದರದಂತೆ ಮಗುವೊಂದಕ್ಕೆ ದಿನಕ್ಕೆ 8 ರೂಪಾಯಿ. ಹೆಸರು ಏರಿದರೆ ಹಣವೂ ಏರಬೇಕು, ಹಾಗಾಗಿ ದಾಖಲಾತಿಯೇ ಊರ ಮಕ್ಕಳ ಪಾಲಿಗೂ ಕಾವಲು. 2021ರಲ್ಲಿ ಬಂದ, ಅಂಗನವಾಡಿಗಳ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ, ರಾಜ್ಯದಿಂದ ರಾಜ್ಯಕ್ಕೂ, ವರ್ಗಾಯಿಸುವ ಅವಕಾಶವಿದೆ. ಭಾಷೆಯ ನೆಪವಂತೂ ನಿಲ್ಲದು. ಬಳ್ಳಾರಿಯ ಕೂಸಿನದು ಕನ್ನಡವೇ, ಬಿಹಾರದ ಕೂಸು ಆಟವಾಡುತ್ತಲೇ ಕಲಿಯುತ್ತದೆ.

ಕರೆದರೂ ಅವರೇ ಕಳಿಸುವುದಿಲ್ಲ ಎನ್ನುವವರ ಮಾತಿನಲ್ಲಿ ತೂಕವಿದೆ. ಕಟಾವಿನವರು ಬೆಳಕು ಹರಿಯುವ ಮೊದಲೇ ಗದ್ದೆಗಿಳಿಯುತ್ತಾರೆ, ಅಂಗನವಾಡಿಯ ಬಾಗಿಲು ತೆರೆಯುವುದು ಒಂಬತ್ತೂವರೆಯ ಸುಮಾರಿಗೆ. ನಡುವಿನ ಹೊತ್ತು ಕೂಸನ್ನು ಸೊಂಟಕ್ಕೇರಿಸಿಕೊಳ್ಳುವವಳು ಶಾಲೆ ಬಿಟ್ಟ ಅಕ್ಕ. 2023-24ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಿಗೆ ಘೋಷಣೆಯಾದ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಇದಕ್ಕೆ ಹತ್ತಿರದ ಮದ್ದು. ಅದು ನರೇಗಾ ಕೂಲಿಯ ತಾಯಂದಿರನ್ನು ನೆನೆದು ಕಟ್ಟಿದ್ದು. ಕಟಾವಿನ ತಾಯಂದಿರಿಗೂ ಅದರ ಬಾಗಿಲು ಬೆಳಗಿನ ಜಾವವೇ ತೆರೆಯಬೇಕು. ಕಾರ್ಯಕರ್ತೆ ಬರಿಯ ಗೌರವಧನಕ್ಕೆ ದುಡಿಯುವವಳು, ಆ ಹೆಚ್ಚಿನ ಹೊರೆಯನ್ನೂ ಅವಳ ತಲೆಗೇ ಕಟ್ಟುವುದು ನ್ಯಾಯವಲ್ಲ.

ಯಾವ ಗ್ಯಾಂಗು ಯಾವ ಊರಿನಲ್ಲಿ ಬೀಡುಬಿಟ್ಟಿದೆ ಎಂಬುದು ಕಟಾವಿನ ಆದೇಶ ಕೊಡುವ ಕಾರ್ಖಾನೆಗೆ, ಗ್ಯಾಂಗಿನ ಮೇಸ್ತ್ರಿಗೆ ತಿಳಿಯದ್ದಲ್ಲ. ಆಲೆಮನೆಗಳ ಲೆಕ್ಕ ಪಂಚಾಯಿತಿ ಹಿಡಿಯಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಲ್ಲಿ ಮುಂದಿನ ಹಂಗಾಮಿನ ಕಬ್ಬು ಅರೆಯುವ ಮುನ್ನ ಆ ಪಟ್ಟಿ, ಮಕ್ಕಳ ವಯಸ್ಸಿನ ಸಮೇತ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯ ಮೇಜಿಗೆ ಬರುವಂತೆ ಜಿಲ್ಲಾಡಳಿತ ಆದೇಶ ಹೊರಡಿಸಲಿ.